ಹೊಸ ಮಾಸ್ತರರಿಗೆ ನಮ್ಮ ಅಡಗಿಮನ್ಯಾಗ ಪರೀಕ್ಷಾ

ನನ್ನ ತಮ್ಮನಂಥ ಹಟಮಾರಿ ಹೆಡ್‌ಮಾಸ್ತರ ಜತ್ತ ತಾಲೂಕಿನ್ಯಾಗ ಇನ್ನೊಬ್ಬನ್ನ ತೋರಸ್ರಿ, ನಾ ರೊಟ್ಟಿ ಬಡಿಯೂದು ಬಿಡ್ತೀನಿ. ಯಳವಿ ಊರ ಕಡಿ ಕನ್ನಡ ಸಾಲಿ ಅವಂದು. ಡಿ.ಎಡ್. ಮುಗಿಸಿ ಹೊಸದಾಗಿ ಬಂದವರಂದ್ರ ಅವಗ ಉಪ್ಪಿಲ್ಲದ ಪಲ್ಯಾ. "ಅಕ್ಕಾ, ಇವರಿಗೆ ಗ್ವಾಡಿಗೆ ಹಚ್ಚೂ ತಕ್ತೆ ಬರಿಯಾಕ ಬರತೈತಿ, ಎದುರಿಗಿನ ಹುಡುಗ ಕಾಣೂದಿಲ್ಲ" ಅಂತಿದ್ದ.

ಅದಕ್ಕ ಅವರ ಸರ್ಟಿಫಿಕೇಟು ಬದಿಗಿಟ್ಟು ಸೀದಾ ನಮ್ಮ ಮನಿಗಿ ಕರಕೊಂಡು ಬರಾಂವ. ಯಾಕ? ನನಗ ಓದಾಕ ಕಲಸಾಕ! ಎರಡನೇ ಇಯತ್ತೆ, ಅಂದ್ರ ಎರಡನೇ ಕ್ಲಾಸು, ಅರ್ಧಕ್ಕ ಬಿಟ್ಟಾಕಿ ನಾನು, ಕಲತದ್ದು ಮರತು ಮೊಮ್ಮಕ್ಕಳನ್ನ ಕಂಡಿದ್ದೆ. "ನಮ್ಮಕ್ಕಗ ಕಲಿಸಿದವರಿಗೇ ಒಂದನೇ ಇಯತ್ತೆ" ಅನ್ನೂದು ಅವನ ಕಾಯ್ದೆ. ಅಲ್ಲೀತನಕ ಆ ಸಣ್ಣ ಹುಡುಗರನ್ನ ಯಾರ ಕೈಗೂ ಕೊಡದ ತಾನೇ ಕಲಸ್ತಿದ್ದ.

ಒಬ್ಬಾಂವ ಚಿತ್ರ ತಂದ. "ಆಯಿ, ಇದೇನು?" "ಆನಿ." "ಶಾಬ್ಬಾಸ್." ಆನಿ ಗುರ್ತು ಹಿಡದದ್ದಕ್ಕ ಈ ವಯಸ್ಸಿನ್ಯಾಗ ಶಾಬ್ಬಾಸಗಿರಿ ಯಾಕಪಾ?

ಇನ್ನೊಬ್ಬಾಂವ ಬರಕೊಂಡು ಬಂದ ಪಾಠ ತಲಿ ಎತ್ತದ ಓದಿದ. ಒಲಿ ಮ್ಯಾಲ ಹಾಲು ಉಕ್ಕಿ ಹೋತು. ಬಾಗಿಲ ಹಿಂದಿನಿಂದ ತಮ್ಮ ಅಂದ, "ನಾಪಾಸ. ಹಾಲು ಉಕ್ಕಿದ್ದು ಕಾಣದವಗ ಹುಡುಗ ಅಳೂದು ಏನು ಕಾಣತೈತಿ?"

ಆಮ್ಯಾಲ ಶೇಗಾಂವದ ಮುಸಲ್ಮಾನರ ಹುಡುಗಿ ಹೊಸ ಟೀಚರ ಬಾಯಾರಾಗಿ ಬಂದಳು. ಆಕಿ ಅಪ್ಪಂದು ಗಾಜಿನ ಬಳಿ ವ್ಯಾಪಾರ. ಬಂದಾಕಿ ಚೀಲಾನೂ ತೆರಿಲಿಲ್ಲ. "ಆಯಿ, ನಿಮಗ ಏನು ಓದಬೇಕನಸತೈತ್ರಿ?"

ಇಷ್ಟು ಮಂದಿ ಬಂದ್ರು, ಇದನ್ನ ಯಾರೂ ಕೇಳಿರಲಿಲ್ಲ. ತಮ್ಮಗ ಕೇಳಸಬಾರದಂತ ಸಣ್ಣ ದನೀಲೆ ಹೇಳಿದೆ, "ಸಾಲ್ಯಾಗ ಇವನ ಖೋಲಿ ಬಾಗಿಲಿಗೆ ಇವನ ಹೆಸರು ಬರದಾರಂತ. ಅದನ್ನ."

ಸಾಲಿ ಬಿಟ್ಟ ಮ್ಯಾಲ ದಿನಾ ಬಂದು ಆ ಹೆಸರಿನ ಅಕ್ಷರದಿಂದನ ಸುರು ಮಾಡಿದಳು. ತಮ್ಮ ಗೊಣಗಿದ, "ಅ ಆ ಬಿಟ್ಟು ನಡುವಿಂದ ಹಿಡದೀರಿ ಬಾಯಾರ. ಟ್ರೇನಿಂಗಿನ್ಯಾಗ ಹಿಂಗ ಕಲಿಸ್ಯಾರೇನು?"

"ನಮ್ಮಪ್ಪ ಕಲಿಸ್ಯಾನ್ರಿ ಸರ್. ಬಳಿ ಆರಿಸೂಕಿಂತ ಮೊದಲ ಕೈ ನೋಡ್ತಾನ."

ತಮ್ಮ ಎದ್ದು ಒಲಿ ಮ್ಯಾಲಿನ ಹಾಲು ತಾನೇ ಇಳಿಸಿದ. ಅವ ಒಲಿ ಕಡಿ ಹೋದದ್ದು ನಾ ಅವತ್ತೇ ನೋಡಿದ್ದು.

ದೀಪಾವಳಿ ಸೂಟಿ ಮುಂದಿದ್ದಾಗ ಆಕಿ ಜೋಡಿ ಸಾಲಿಗೆ ಹೋದೆ. ತಮ್ಮ ಒಳಗ ಕುಂತಿದ್ದ. ಬಾಗಿಲದಾಗ ನಿಂತು ಒಂದೊಂದ ಅಕ್ಷರ ಕೂಡಿಸಿ ಅವನ ಹೆಸರು ಓದಿದೆ. ಕೆಳಗ ಮುಖ್ಯಾಧ್ಯಾಪಕ ಅಂತ ಇತ್ತು. ಎಂಥಾ ಶಬ್ದರೀ ಅದು, ನಾಲಿಗಿ ಎರಡು ಕಡಿ ಮುಗ್ಗರಿಸಿತು. ಆದ್ರೂ ಬಿಡಲಿಲ್ಲ, ದಾಟಿದೆ.

ತಮ್ಮ ಪೆನ್ನು ಕೆಳಗಿಟ್ಟ. ಆ ಹುಡುಗಿ ಕಡಿ ತಿರುಗಿ ಅಂದ: "ನಾ ಟ್ರೇನಿಂಗ್ ಮುಗಿಸಿ ಬಂದಾಗ ಮೊದಲು ಇಕಿಗೇ ಕಲಸಾಕ ಹೋಗಿದ್ದೆ. ನಾನೂ ನಾಪಾಸ. ನಾಳಿಂದ ಒಂದನೇ ಇಯತ್ತೆ ನಿಮ್ಮದ್ರಿ ಬಾಯಾರ."

ಆಮ್ಯಾಲ ಎದ್ದು ಬಂದು ನನ್ನ ಬಾಜೂಕ ನಿಂತ, ಒಂದನೇ ಇಯತ್ತೆ ಹುಡುಗನಂಗ.

"ಅಕ್ಕಾ, ಇನ್ನೊಮ್ಮೆ ಓದು."

ಓದಿದೆ.