ಎಂಟು ಯಮರ ತಾಲ್ಲೂಕು

ಸುಡಲು ಕೊಡುವ ಕಸದ ಚೀಲ ಇಡಲು ಕೆಳಗಿಳಿದ ಸತ್ಯವತಿ, ಬಾಯಿ ತಡೆಯಲಾರದೆ ಪಕ್ಕದ ಮನೆಯ ಪ್ರಭಾಗೆ ಹೇಳಿಬಿಟ್ಟಳು: "ಮಹಾಲಯಕ್ಕೆ ನಾವು ಯಾಯೆಯಾಮ ದ್ವೀಪಗಳಿಗೆ ಹೋಗ್ತಿದೀವಿ ಕಣ್ರೀ." ಅವಳು ಮೇಲೆ ಬರುವಷ್ಟರಲ್ಲಿ ಜಪಾನಿನ ಓಜಿಮಾದ ಆ ಕಟ್ಟಡದ ಕನ್ನಡಿಗರೆಲ್ಲ ಹೊರಟು ನಿಂತಿದ್ದರು.

ಸುದ್ದಿ ಕೇಳಿ ಅವಳ ಗಂಡ ರಮಾಕಾಂತ ಒಗ್ಗರಣೆಯ ಸಾಸಿವೆಯಂತೆ ಸಿಡಿದ. ಕೊರೊನಾದಲ್ಲಿ ಮೈಸೂರಿನಲ್ಲಿ ಅಪ್ಪ ತೀರಿಕೊಂಡಾಗ ವಿಮಾನವಿರಲಿಲ್ಲ. ಚಿತೆಯನ್ನು ಮೊಬೈಲಿನಲ್ಲಿ ನೋಡಿದ್ದ. ಈಗ ಕೊರೊನಾ ತುರ್ತುಸ್ಥಿತಿ ತೆಗೆದಿದ್ದರು. ಜಪಾನಿನ ದಕ್ಷಿಣದ ತುದಿಯ ಆ ದ್ವೀಪಗಳ ತಾಲ್ಲೂಕಿನಲ್ಲಿ, ಹೊಳೆ ಕಡಲು ಸೇರುವ ಕಡೆ, ಒಬ್ಬನೇ ನಿಂತು ತರ್ಪಣ ಬಿಟ್ಟು ಮನಸಾರೆ ಅಳಬೇಕೆಂದಿದ್ದ.

ಸಂಜೆ ಕೆಳಗಿನ ಪಾರ್ಕಿನಲ್ಲಿ ಮಾಸ್ಕುಗಳ ಗುಂಪು ಅವನನ್ನು ಮುತ್ತಿತು. ಮೇಲಿನ ಮನೆಯ ಬಾಲಸುಬ್ರಹ್ಮಣ್ಯ ಕುಣಿಯುತ್ತಿದ್ದರು. "ಸಾರ್, ಅಲ್ಲಿ ಕೋಣದ ಗಾಡಿ ಸಮುದ್ರದಲ್ಲೇ ಹೋಗತ್ತಂತೆ! ನಕ್ಷತ್ರದ ಥರ ಮರಳಂತೆ! ಪುಳಿಯೋಗರೆ ನಮ್ದು, ಅಂತ್ಯಾಕ್ಷರಿ ಪ್ರಭಾದು!"

"ಕೋಣ ಯಾರ ವಾಹನ ಸಾರ್?" ರಮಾಕಾಂತ ಹಲ್ಲು ಕಡಿದ. "ಯಾಯೆ ಅಂದ್ರೆ ಎಂಟು. ಮಿಕ್ಕಿದ್ದು ಯಮ! ಎಂಟು ಯಮರ ತಾಲ್ಲೂಕು ಅದು. ಕಾಡುಬೆಕ್ಕಿಗೂ ಅಲ್ಲಿ ಯಾಮನೆಕೊ ಅಂತಾನೇ ಹೆಸರು. ಹಿಂದೆ ರಾಜ ತಲೆಗಂದಾಯ ಹಾಕಿ ಹಿಂಡಿದ. ಸಮುದ್ರ ಎದ್ದು ಊರೂರೇ ನುಂಗ್ತು. ಯುದ್ಧದಲ್ಲಿ ಮಲೇರಿಯಾ ಬಂದು ಉಳಿದೋರನ್ನ ಗುಡಿಸ್ತು. ಪೊದೆ ತುಂಬ ವಿಷದ ಹಾವು. ಬನ್ನಿ, ಪುಳಿಯೋಗರೆ ತನ್ನಿ!"

ಜಪಾನೀ ಭಾಷೆಯಲ್ಲಿ ಯಾಮ ಎಂದರೆ ಬೆಟ್ಟ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೆ ಆ ಎರಡು ವರ್ಷ ಯಮನ ಹೆಸರು ಕೇಳಿ ಅರ್ಥ ವಿಚಾರಿಸುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ರಮಾಕಾಂತ ಪೂರಿಯಂತೆ ಉಬ್ಬಿ ಮನೆಗೆ ಬಂದ.

ಕಾಫಿ ಮುಗಿಯುವ ಮೊದಲೇ ಬಾಗಿಲ ಗಂಟೆ ಸದ್ದು ಮಾಡಿತು. ಪ್ರಭಾ, ಹಿಂದೆ ಬಾಲಸುಬ್ರಹ್ಮಣ್ಯ. ಇಬ್ಬರ ಕಣ್ಣೂ ಒದ್ದೆ.

"ಪಿಕ್ನಿಕ್ ಕ್ಯಾನ್ಸಲ್," ಎಂದಳು ಪ್ರಭಾ.

"ಬಹಳ ಸಂತೋಷ."

"ನಮ್ಮತ್ತೆ ಹೋದಾಗ ನಮ್ಮನೆಯವರು ಇಲ್ಲೇ ಸಿಕ್ಕಿಹಾಕ್ಕೊಂಡಿದ್ರು. ಬಾಲು ಸಾರ್ ಅಪ್ಪಂದೂ ಅದೇ ಕಥೆ. ದಕ್ಷಿಣ ದಿಕ್ಕು, ಪಿತೃಪಕ್ಷ, ಒಂದೇ ಕಡೆ ಎಂಟು ಯಮರು! ತರ್ಪಣಕ್ಕೆ ಇನ್ನೆಂಥ ಜಾಗ ಬೇಕು? ನಮ್ಮ ಕನ್ನಡ ಗ್ರೂಪಿಗೆ ಹಾಕಿದ್ವಿ. ಉರಯಾಸು, ನಗೋಯಾ ಊರಿನ ಕನ್ನಡದೋರೂ ಟಿಕೆಟ್ ತಗೊಂಡಾಯ್ತು."

ರಮಾಕಾಂತ ಬೈಯಲು ಬಾಯಿ ತೆರೆದ. ಎಂಟು ಯಮರನ್ನು ಕರೆತಂದವನು ತಾನೇ; ಯಾರನ್ನು ಬೈಯುವುದು? ಕೊನೆಗೆ ಕಾಫಿ ಲೋಟ ಕೆಳಗಿಟ್ಟು ಕೇಳಿದ: "ಅಷ್ಟು ಜನಕ್ಕೆ ಮಂತ್ರ ಹೇಳ್ಸೋರು ಯಾರು?"

ಬಾಲಸುಬ್ರಹ್ಮಣ್ಯ ಭಕ್ತಿಯಿಂದ ಕೈ ಮುಗಿದರು. "ನೀವೇ ಸ್ವಾಮಿ. ಯಮನ ವಿಷಯ ಇಷ್ಟು ತಿಳಿದೋರು ಜಪಾನಲ್ಲಿ ಇನ್ಯಾರಿದಾರೆ?"