ಹಲ್ಲಿನ ಡಾಕ್ಟರು ಹೋಗಿಬಂದ ಊರು

ಹೋದರೆ ಅತ್ತೆಮನೆಗೆ ಹೋದ ಹಾಗೆ ಹೋಗಬೇಕು!

ಇದು ನಮ್ಮ ಹಲ್ಲಿನ ಡಾಕ್ಟರ ಭೀಷ್ಮಪ್ರತಿಜ್ಞೆ. ವಿದೇಶಕ್ಕೆ ಹೋದ ಜನ ನಡುಬೀದಿಯಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತಾ ನಿಂತು, ಸಿಕ್ಕಸಿಕ್ಕವರನ್ನು ದಾರಿ ಕೇಳುವುದನ್ನು ನೆನೆದರೇ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಎಲ್ಲರೂ ಹೋಗಿ ನೋಡ್ತಾರೆ. ನಾನು ನೋಡಿಕೊಂಡು ಹೋಗ್ತೀನಿ!" ಎಂದು ಅವರು ಎದೆ ತಟ್ಟಿಕೊಂಡು ಹೇಳಿ ಹತ್ತು ವರ್ಷದ ಮೇಲಾಗಿತ್ತು.

ಅವರ ಕಣ್ಣು ಬಿದ್ದದ್ದು ಸಮುದ್ರದಾಚೆಯ ಒಂದು ಹಳೇ ಊರಿನ ಮೇಲೆ. ನಡುವೆ ಹೊಳೆ, ಹೊಳೆಗೆ ಕಲ್ಲಿನ ಸೇತುವೆಗಳು, ದಡದಲ್ಲಿ ಗಡಿಯಾರದ ಗೋಪುರ, ಏದುಸಿರು ಬಿಡುತ್ತಾ ಗುಡ್ಡ ಹತ್ತುವ ಟ್ರಾಮು. ಚಿಕ್ಕಂದಿನಲ್ಲಿ ಯಾರದೋ ಮನೆಯ ಕ್ಯಾಲೆಂಡರಿನಲ್ಲಿ ಕಂಡದ್ದಂತೆ. ಅವತ್ತು ತಲೆ ಹೊಕ್ಕ ಊರು ಆಮೇಲೆ ಹೊರಗೆ ಬರಲೇ ಇಲ್ಲ. ಮನೆಯಲ್ಲಿ ಯಾವ ಖರ್ಚಿನ ಮಾತು ಬಂದರೂ ಡಾಕ್ಟರದು ಒಂದೇ ಉತ್ತರ.

"ರೀ, ಪರದೆ ಜಾಳುಜಾಳಾಗಿದೆ. ಹೊಸದು ತರೋಣ್ವಾ?"

"ಆ ಊರಿಗೆ ಹೋಗಿ ಬಂದ ಮೇಲೆ!"

"ಸೋಫಾದ ಸ್ಪ್ರಿಂಗು ಚುಚ್ಚುತ್ತೆ ಕಣ್ರೀ."

"ಬಂದ ಮೇಲೆ!"

"ನನಗೆ ವಯಸ್ಸಾಗ್ತಾ ಇದೆ."

"ಅದೂ ಬಂದ ಮೇಲೆ!"

ಹೆಂಡತಿಗೆ ಲೈಬ್ರರಿಯಲ್ಲಿ ಕೆಲಸ. 'ಸದ್ದು ಮಾಡಬೇಡಿ' ಅನ್ನುವ ಬೋರ್ಡಿನ ಕೆಳಗೆ ಕೂತು ಕೂತು ಆಕೆಗೆ ಸದ್ದಿಲ್ಲದೆ ಸಂಸಾರ ಮಾಡುವುದು ರೂಢಿಯಾಗಿಬಿಟ್ಟಿತ್ತು. ಸ್ಪ್ರಿಂಗಿನ ಮೇಲೊಂದು ದಿಂಬು ಇಟ್ಟು ಸುಮ್ಮನಾದರು.

ಡಾಕ್ಟರು ಮಾತ್ರ ಸುಮ್ಮನಾಗುವ ಕುಳವಲ್ಲ. ಆ ಊರಿನ ದೊಡ್ಡದೊಂದು ನಕ್ಷೆ ತರಿಸಿ ಕ್ಲಿನಿಕ್ಕಿನ ಸೀಲಿಂಗಿಗೆ ಅಂಟಿಸಿದರು. ಅದೂ ಎಲ್ಲಿ? ಸರಿಯಾಗಿ ಹಲ್ಲಿನ ಕುರ್ಚಿಯ ನೆತ್ತಿಗೆ! ಅಂಗಾತ ಮಲಗಿದ ಪೇಷಂಟು ಇನ್ನೇನು ತಾನೇ ನೋಡಬೇಕು? ತುಟಿ ಮರಗಟ್ಟಿ, ಜೀವ ಕೈಯಲ್ಲಿ ಹಿಡಿದುಕೊಂಡವರ ಕಿವಿಗೆ ಪ್ರವಾಸವರ್ಣನೆ ಶುರುವಾಗುತ್ತಿತ್ತು.

"ಈಗ ಮೀನಿನ ಮಾರುಕಟ್ಟೆ ದಾಟಿದ್ವಾ? ಎಡಕ್ಕೆ ತಿರುಗಿದ್ರೆ ಬೇಕರಿ... ಅಲ್ಲಾಡಬೇಡಿ... ಘಮ್ ಅಂತ ವಾಸನೆ ಬರುತ್ತೆ ನೋಡಿ... ಇನ್ನೂ ಅಗಲ ತೆಗೀರಿ... ಆ ಸೇತುವೆ ಕಲ್ಲು ಮುಟ್ಟಿದ್ರೆ ಐಸಿನ ಹಾಗಿರುತ್ತೆ!"

"ಆಂ... ಆಂ..." ಎನ್ನುತ್ತಿತ್ತು ಕುರ್ಚಿ. ಬಾಯಿ ತೆರೆದು ಮಲಗಿದವರು ಎದುರುಮಾತಾಡುವುದು ಹೇಗೆ? ಹೀಗೆ ಬೀದಿಯ ಒಂದೊಂದೇ ದವಡೆ ಆ ಊರನ್ನು ಸುತ್ತಿ ಬಂತು.

ಅಂತೂ ಇಂತೂ ಇಬ್ಬರಿಗೆ ಸಾಲುವಷ್ಟು ದುಡ್ಡು ಕೂಡಿತು. ಡಾಕ್ಟರು ನೆಲದ ಮೇಲೆ ಕಾಲಿಡದೆ ಕ್ಲಿನಿಕ್ಕಿಗೆ ಬಂದರು. ಕುರ್ಚಿಯಲ್ಲಿ ಹೆಡ್‌ಮಿಸ್ಟ್ರೆಸ್. ಇಡೀ ಬೀದಿಯನ್ನು ಒಂದಲ್ಲ ಒಂದು ಕಾಲದಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದ ಮಹಾತಾಯಿ.

"ಮೇಡಂ, ಆ ಊರಿಗೆ ಹೋಗ್ತಾ ಇದೀನಿ!"

ಆಕೆ ಬಾಯಿ ಮುಕ್ಕಳಿಸಿ ಉಗುಳಿದರು. "ಮತ್ತೆ ಹೋಗ್ತಾ ಇದೀರಾ?"

"ಮತ್ತೆ ಅಲ್ಲ ಮೇಡಂ, ಇದೇ ಮೊದಲು."

ಹೆಡ್‌ಮಿಸ್ಟ್ರೆಸ್ ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹಾಗೆ ನೋಡಿದರು. ನಗಲಿಲ್ಲ. ಆಕೆ ತಮಾಷೆ ಮಾಡಿದ್ದನ್ನು ಇವತ್ತಿನವರೆಗೆ ಕಂಡವರಿಲ್ಲ. "ಹುಷಾರಾಗಿರಿ ಡಾಕ್ಟ್ರೇ" ಎಂದಷ್ಟೇ ಹೇಳಿ ಹೊರಟುಹೋದರು.

ವಯಸ್ಸಾಯಿತು, ಪಾಪ ಎಂದುಕೊಂಡು ಡಾಕ್ಟರು ಹೊಸ ಕೋಟಿಗೆ ಅಳತೆ ಕೊಡಲು ಟೈಲರ್ ಹತ್ತಿರ ಹೋದರು. ಟೈಲರ್ ಬೆನ್ನ ಹಿಂದೆ ನಿಂತು ಹೆಗಲಿನ ಅಳತೆ ತೆಗೆಯುತ್ತಾ ಮೆಲ್ಲಗೆ ಕೇಳಿದ, "ಹೋದ ಸಲ ಹಾಕ್ಕೊಂಡು ಹೋದ ಕೋಟು ಏನಾಯ್ತು ಡಾಕ್ಟ್ರೇ? ಅಲ್ಲಿ ಮಳೆಗೆ ಸಿಕ್ಕಿ ಕೆಟ್ಟುಹೋಯ್ತಾ?"

ಡಾಕ್ಟರ ಬೆನ್ನಿನಲ್ಲಿ ತಣ್ಣಗೆ ಏನೋ ಹರಿದಂತಾಯಿತು. ಟೇಪೇ ಇರಬೇಕು ಅಂದುಕೊಂಡರು. ಟೇಪು ನೋಡಿದರೆ ಟೈಲರ್ ಕುತ್ತಿಗೆಯಲ್ಲಿ ನೇತಾಡುತ್ತಿತ್ತು.

ತಲೆನೋವಿನ ಮಾತ್ರೆಗೆಂದು ಔಷಧಿ ಅಂಗಡಿಗೆ ನುಗ್ಗಿದರು. ಅಲ್ಲಿ ಗಲ್ಲಾದ ಪಕ್ಕ ಒಂದು ಪುಟ್ಟ ಹಿತ್ತಾಳೆ ಗಂಟೆ. ಡಾಕ್ಟರು ಸುಮ್ಮನೆ ಬೆರಳು ತಾಗಿಸಿದರು. ಟಿಣ್! ಆ ಸದ್ದು ನಿಲ್ಲಲು ಹೊತ್ತು ಹಿಡಿಯಿತು.

"ಚೆನ್ನಾಗಿದೆಯಲ್ಲ, ಎಲ್ಲಿಂದ ತಂದಿರಿ?"

ಅಂಗಡಿಯವನು ಮಾತ್ರೆ ಕತ್ತರಿಸುತ್ತಿದ್ದ ಕತ್ತರಿಯನ್ನು ಕೆಳಗಿಟ್ಟ. "ನಾನೆಲ್ಲಿಂದ ತರಲಿ ಡಾಕ್ಟ್ರೇ? ನೀವೇ ಆ ಊರಿಂದ ತಂದುಕೊಟ್ಟಿದ್ದಲ್ವಾ?"

ಒಬ್ಬರು ಹೇಳಿದರೆ ಮರೆವು, ಇಬ್ಬರು ಹೇಳಿದರೆ ತಮಾಷೆ. ಮೂರನೆಯವರು ಗಂಟೆಯನ್ನೇ ಸಾಕ್ಷಿಗೆ ತಂದರೆ ಅದಕ್ಕೆ ಏನನ್ನಬೇಕು? ಹೊರಗೆ ನೆತ್ತಿ ಸುಡುವ ಬಿಸಿಲು, ಡಾಕ್ಟರಿಗೆ ಗಡಗಡ ಚಳಿ. ಎದುರಿಗೆ ಬಂದವರೆಲ್ಲ ನಮಸ್ಕಾರ ಹೊಡೆದು, "ಮತ್ತೆ ಹೊರಟ್ರಂತೆ!" ಎಂದರು. ಸುದ್ದಿ ಅವರಿಗಿಂತ ಮೊದಲೇ ಮನೆಯ ತಿರುವಿನಲ್ಲಿ ಕಾಯುತ್ತಿತ್ತು.

ಮನೆಯೊಳಕ್ಕೆ ಬಂದು ಬಾಗಿಲು ಹಾಕಿಕೊಂಡರೆ, ಕಿಟಕಿಗೆ ನೀಲಿ ಪರದೆ! ದಪ್ಪನೆಯ, ಹೊಸ ನೀಲಿ ಪರದೆ. ಅದು ಗಾಳಿಯಿಲ್ಲದೆಯೂ ಒಂದಿಷ್ಟು ಅಲುಗಿದ ಹಾಗೆ ಕಂಡಿತು.

"ಲೇ! ಈ ಪರದೆ ಯಾವಾಗ ತಂದೆ?"

"ಆಗಲೇ ಎಷ್ಟು ಕಾಲ ಆಯ್ತಲ್ರೀ" ಎಂದು ಅಡುಗೆಮನೆಯಿಂದ ಉತ್ತರ ಬಂತು. "ನೀವು ಬಂದ ಮೇಲೆ."

ಡಾಕ್ಟರು ಗೋಡೆ ಹಿಡಿದುಕೊಂಡರು. ಅವರಿಗೆ ಅಪ್ಪನ ನೆನಪಾಯಿತು. ಅಪ್ಪ ಕೊನೆಗಾಲದಲ್ಲಿ ಉಂಡು ಕೈತೊಳೆದು ಬಂದು, "ಊಟ ಯಾವಾಗ?" ಎಂದು ಕೇಳುತ್ತಿದ್ದರು. ಕೊನೆಕೊನೆಗೆ ಮಗನನ್ನೇ, "ತಾವು ಯಾರು?" ಎಂದಿದ್ದರು. ಆ ದಿನದಿಂದ ಡಾಕ್ಟರಿಗೆ ಜಗತ್ತಿನಲ್ಲಿ ಇದ್ದದ್ದು ಅದೊಂದೇ ಭಯ. ಈಗ ಅದು ನೀಲಿ ಪರದೆ ಹೊದ್ದು ಕಿಟಕಿಯಲ್ಲೇ ನಿಂತಿತ್ತು. ಕಣ್ಣು ಮುಚ್ಚಿದರೆ ಬೇಕರಿಯ ವಾಸನೆ ಮೂಗಿಗೆ ಬಡಿಯಿತು, ಅಂಗೈಗೆ ಸೇತುವೆಯ ಕಲ್ಲಿನ ತಂಪು ತಾಗಿತು. ಅಯ್ಯೋ, ಹೋಗದವನಿಗೆ ಇದೆಲ್ಲ ಹೇಗೆ ಗೊತ್ತು?

ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಾಗ ಡಾಕ್ಟರು ದಿಂಬು ಜಾರಿದ್ದೂ ತಿಳಿಯದೆ ಸ್ಪ್ರಿಂಗಿನ ಮೇಲೇ ಕೂತಿದ್ದರು.

"ನಿಜ ಹೇಳು ಮಾರಾಯ್ತಿ. ಹೆದರಿಸಬೇಡ. ನಾನು ಆ ಊರಿಗೆ ಹೋಗಿ ಬಂದಿದೀನಾ?"

ಗಂಡನ ಬಿಳುಚಿದ ಮುಖ ನೋಡಿ ಆಕೆಯ ಮುಖವೂ ಬಿಳುಚಿತು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು. "ಮೂರು ವರ್ಷದ ಹಿಂದೆ ನಿಮ್ಮ ದವಡೆ ಊದಿತ್ತು, ನೆನಪಿದೆಯಾ?"

ನೆನಪಿಲ್ಲದೆ ಏನು! ಊರಿನ ಹಲ್ಲು ಕಾಯುವ ಡಾಕ್ಟರ ಸ್ವಂತ ಹಲ್ಲೇ ಹುಳುಕಾಗಿ, ಕೆನ್ನೆ ಕುಂಬಳಕಾಯಿಯಾಗಿತ್ತು. ಪೇಷಂಟುಗಳು ಕಂಡರೆ ಕ್ಲಿನಿಕ್ಕಿಗೆ ಬೀಗವೇ ಗತಿ! ಮಫ್ಲರ್ ಸುತ್ತಿಕೊಂಡು, ಕಳ್ಳನ ಹಾಗೆ ಪರವೂರಿನ ಡಾಕ್ಟರ ಹತ್ತಿರ ಕೀಳಿಸಿಕೊಂಡು, ಊತ ಇಳಿಯುವ ತನಕ ಹಿಂದಿನ ಕೋಣೆಯಲ್ಲಿ ಅಡಗಿ ಕೂತಿದ್ದರು.

"ಯಾರು ಬಂದ್ರೂ ಏನಾದ್ರೂ ಹೇಳು, ಹಲ್ಲು ಅಂತ ಮಾತ್ರ ಬಾಯಿ ಬಿಡಬೇಡ ಅಂದ್ರಿ. ಹೆಡ್‌ಮಿಸ್ಟ್ರೆಸ್ ಬಾಗಿಲಿಗೇ ಬಂದು 'ಡಾಕ್ಟ್ರು ಎಲ್ಲಿ?' ಅಂತ ಗದರಿಸಿದ್ರು. ನನ್ನ ಬಾಯಿಗೆ ಅದೊಂದೇ ಊರು ಬಂದದ್ದು. ಔಷಧಿ ಅಂಗಡಿಯವರು 'ಏನು ತಂದ್ರು?' ಅಂತ ಬೆನ್ನು ಹತ್ತಿದ್ರು. ಹಳೇ ಸಾಮಾನಿನ ಅಂಗಡೀಲಿ ಒಂದು ಗಂಟೆ ಕೊಂಡು ಕೊಟ್ಟೆ. ನೀವು ಬಂದಾಯ್ತಲ್ಲ ಅಂತ ನನ್ನ ಸಂಬಳದಲ್ಲಿ ಪರದೇನೂ ತಂದೆ. ಪರದೆ ಬಂದಿದ್ದು ನಿಮ್ಮ ಕಣ್ಣಿಗೆ ಬೀಳೋಕೆ ಮೂರು ವರ್ಷ ಬೇಕಾಯ್ತು."

"ಮತ್ತೆ ಇಷ್ಟು ದಿನ ಯಾರೂ ನನ್ನನ್ನೇ ಯಾಕೆ ಕೇಳಲಿಲ್ಲ?"

"ಕೇಳದೆ ಏನು? 'ಆ ಊರು ಹೇಗಿದೆ ಡಾಕ್ಟ್ರೇ?' ಅಂತ ದಿನಾ ಕೇಳಿದ್ರು. ನೀವು ದಿನಾ ಹೇಳಿದ್ರಿ. ನಾನು ಹೇಳಿದ ಸುಳ್ಳು ಒಂದೇ ಒಂದು. ಅದಕ್ಕೆ ಬೀದಿ, ಬೇಕರಿ, ಟ್ರಾಮು ಎಲ್ಲ ಕಟ್ಟಿದ್ದು ನೀವೇ!"

ಡಾಕ್ಟರು ಮಗುವಿನ ಹಾಗೆ ಕುಪ್ಪಳಿಸಿದರು. "ಅಂದ್ರೆ ನಾನು ಹೋಗೇ ಇಲ್ಲ! ನನ್ನ ತಲೆ ಸರಿಯಾಗಿದೆ! ನಾಳೆನೇ ಎಲ್ಲರಿಗೂ ಹೇಳಿಬಿಡ್ತೀನಿ!"

"ಏನಂತ?"

"ಹೋಗಿರಲಿಲ್ಲ ಅಂತ!"

"ಮತ್ತೆ ಎಲ್ಲಿದ್ರಿ ಅಂತ ಕೇಳಿದ್ರೆ?"

ಕುಪ್ಪಳಿಸುತ್ತಿದ್ದ ಡಾಕ್ಟರು ಮತ್ತೆ ಸ್ಪ್ರಿಂಗಿನ ಮೇಲೆ ಕೂತರು. ಬಿಸಿತುಪ್ಪ! ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮರುದಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಪೇಷಂಟುಗಳು ಇರಲಿಲ್ಲ, ಪಂಚಾಯ್ತಿ ಇತ್ತು. ಹೆಡ್‌ಮಿಸ್ಟ್ರೆಸ್, ಟೈಲರ್, ಔಷಧಿ ಅಂಗಡಿಯವನು, ಒಂದೇ ಸಾಲಿನಲ್ಲಿ, ಒಂದೇ ಮುಖಭಾವದಲ್ಲಿ. ಕೂತ ಮೂವರೂ ಕಣ್ಣು ಮಿಟುಕಿಸಲಿಲ್ಲ.

"ಹೋದ ಸಲ ಆ ಹೆಣ್ಣುಮಗಳನ್ನ ಒಬ್ಬಳನ್ನೇ ಬಿಟ್ಟು ಹೋದ್ರಿ" ಎಂದರು ಹೆಡ್‌ಮಿಸ್ಟ್ರೆಸ್. "ಪಾಪ, ಬಾಗಿಲಲ್ಲಿ ನಿಂತು 'ಅವರು ಹೋಗಿದಾರೆ' ಅಂದಾಗ ದನಿ ನಡುಗ್ತಾ ಇತ್ತು. ನಾನು ಮರೆತಿಲ್ಲ. ಈ ಸಲ ಅವಳು ಹೋಗಲಿ. ಜೊತೆಗೆ ಅವಳ ಅಕ್ಕ ಹೋಗಲಿ. ನಿಮಗೆ ಹೇಗೂ ಕಂಡ ಊರೇ. ಏನಂತೀರಿ?"

ಡಾಕ್ಟರು ಬಾಯಿ ತೆರೆದರು. ಒಂದು ಹುಳುಕು ಹಲ್ಲಿನ ಸತ್ಯ ನಾಲಗೆಯ ತುದಿಗೆ ಬಂತು. ಮೂವರೂ ಮುಂದಕ್ಕೆ ಬಾಗಿ ಆ ಬಾಯನ್ನೇ ನೋಡುತ್ತಿದ್ದರು. ಡಾಕ್ಟರು ಬಾಯಿ ಮುಚ್ಚಿದರು.

ಮನೆಗೆ ಬಂದು, "ನೀನಾದ್ರೂ ಬೇಡ ಅನ್ನೇ" ಎಂದು ಹೆಂಡತಿಯನ್ನು ಗೋಗರೆದರು.

"ನಾನೇನೂ ಹೇಳಲ್ಲಪ್ಪ. ಒಂದು ಸಲ ಹೇಳಿ ಸಾಕಾಗಿದೆ" ಎಂದ ಆಕೆ, ಹೊಸ ಸೂಟ್‌ಕೇಸಿನ ಮುಚ್ಚಳ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡುತ್ತಿದ್ದರು.

ಅಕ್ಕತಂಗಿಯರು ವಿಮಾನ ಹತ್ತಿದರು. "ಡಾಕ್ಟ್ರೇ, ನಿಮಗೆ ಅಲ್ಲಿಂದ ಏನು ತರೋದು? ನಿಮ್ಮ ಹತ್ತಿರ ಎಲ್ಲಾ ಇರುತ್ತಲ್ಲ!" ಎಂದು ಅಕ್ಕ ಕೈಬೀಸಿ ಹೋದರು. ಡಾಕ್ಟರಿಗೆ ಅಳು ಬಂತು. ನಿಜವಾಗಿ ಬಂತು. ಹತ್ತು ವರ್ಷ ಕಾದ ಊರು ಕಣ್ಣೆದುರೇ ಗಾಜಿನ ಬಾಗಿಲು ದಾಟಿ ಹೋಗಿತ್ತು. ಪಕ್ಕದಲ್ಲಿ ನಿಂತಿದ್ದ ಯಾರೋ, "ಮೊದಲ ಸಲ ಕಳಿಸ್ತಾ ಇದೀರಾ?" ಎಂದು ಸಮಾಧಾನ ಮಾಡಿದರು.

ನಾಲ್ಕನೇ ದಿನ, ಮಟಮಟ ಮಧ್ಯಾಹ್ನ, ಕ್ಲಿನಿಕ್ಕಿನ ಫೋನು ಬಡಿದುಕೊಂಡಿತು. ಕುರ್ಚಿಯಲ್ಲಿ ಹೆಡ್‌ಮಿಸ್ಟ್ರೆಸ್ ಬಾಯಿ ತೆರೆದು ಮಲಗಿದ್ದರು. ಡಾಕ್ಟರ ಎರಡೂ ಕೈ ಕೆಲಸದಲ್ಲಿ. ಮೊಣಕೈಯಿಂದ ಸ್ಪೀಕರ್ ಒತ್ತಿದರು.

"ರೀ, ಎಲ್ಲಾ ನೀವು ಹೇಳಿದ ಹಾಗೇ ಇದೆ!" ಹೆಂಡತಿಯ ದನಿ ಬಾವಿಯ ತಳದಿಂದ ಬಂದಂತಿತ್ತು. "ಮೀನಿನ ಮಾರುಕಟ್ಟೆ, ಎಡಕ್ಕೆ ಬೇಕರಿ, ಸೇತುವೆ ಕಲ್ಲು... ಮುಟ್ಟಿದೆ ಕಣ್ರೀ, ಥೇಟ್ ಐಸು!"

"ಹೂಂ" ಎಂದರು ಡಾಕ್ಟರು.

"ಇನ್ನೊಂದು ವಿಷಯ. ನಾವಿಳಿದಿರೋ ಮನೆಯ ಅಜ್ಜಿಗೆ ಸುಮ್ಮನೆ ನಿಮ್ಮ ಫೋಟೋ ತೋರಿಸಿದೆ." ದನಿ ಇನ್ನಷ್ಟು ತಗ್ಗಿತು. "ಗುರುತು ಹಿಡಿದುಬಿಟ್ರು."

"ಏನಂದೆ?"

"ಕೆನ್ನೆ ಮೇಲೆ ಕೈಯಿಟ್ಟು ತೋರಿಸಿ ಕೇಳಿದ್ರು. ಈಗ ಹಲ್ಲು ವಾಸಿಯಾಯ್ತಾ ಅಂತ."

ಡಾಕ್ಟರು ಕಿವಿಗೊಟ್ಟು ಕಾದರು. ಈಗ ನಗುತ್ತಾಳೆ, ಇನ್ನೇನು ನಗುತ್ತಾಳೆ. ಹೆಂಡತಿ ನಗಲಿಲ್ಲ. ಅತ್ತ ಕಡೆಯಿಂದ ಗೋಪುರದ ಗಡಿಯಾರ ಬಾರಿಸುವುದು ಮಾತ್ರ ಕೇಳಿಸಿತು. ಕುರ್ಚಿಯಲ್ಲಿ ಹೆಡ್‌ಮಿಸ್ಟ್ರೆಸ್ ಒಂದು ಕಣ್ಣು ತೆರೆದು, ಉತ್ತರಕ್ಕೆ ಕಾಯುತ್ತಾ ಅವರನ್ನೇ ನೋಡುತ್ತಿದ್ದರು.

ಡಾಕ್ಟರು ಮೆತ್ತಗೆ ಹೇಳಿದರು, "ವಾಸಿಯಾಯ್ತು ಅಂತ ಹೇಳು."