ಅತ್ತೆಗೊಂದು ಮೈನಸ್ ಬೇಕಾಗಿದೆ

ನಮ್ಮತ್ತೆಯ ಎದುರಿಗೆ ನೀವು ಸುಮ್ಮನೆ ನಿಲ್ಲುವಂತಿಲ್ಲ. ಎರಡೇ ನಿಮಿಷದಲ್ಲಿ ನಿಮ್ಮನ್ನು ಪ್ಲಸ್ಸೋ ಮೈನಸ್ಸೋ ಮಾಡಿಬಿಡುತ್ತಾಳೆ! ನಾನು ಐವತ್ತರ ಹೊಸ್ತಿಲಲ್ಲಿರುವ ಗೃಹಸ್ಥ. ದಹಿಸರಿನ ನಮ್ಮ ಬಿಲ್ಡಿಂಗಿನಲ್ಲಿ ನಾಲ್ಕು ಜನ ನಮಸ್ಕಾರ ಹೇಳುವಷ್ಟು ಮರ್ಯಾದೆ ಉಳ್ಳವನು. ಅವಳ ಮುಂದೆ ಮಾತ್ರ ಸದಾ ಮೈನಸ್. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ಅಪ್ಪನ ಅಕ್ಕ. ಇದನ್ನು ಮೊದಲೇ ಹೇಳಿಬಿಡುವುದು ನನ್ನ ಮಧ್ಯಾಹ್ನದ ಊಟದ ದೃಷ್ಟಿಯಿಂದ ಒಳ್ಳೆಯದು!

ಮೈಸೂರಿನಿಂದ ಬಂದು, ಆಂಟಾಪ್ ಹಿಲ್ಲಿನಲ್ಲಿ ಒಬ್ಬಳೇ ಮನೆ ಮಾಡಿಕೊಂಡು, ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ ಆರನೆಯ ತರಗತಿಗೆ ಗಣಿತ ಹೇಳಿಕೊಟ್ಟವಳು. ಧನ ಮತ್ತು ಋಣ ಸಂಖ್ಯೆಗಳ ಸಂಕಲನ ಎಂದರೆ ಪ್ರಾಣ. ಅದನ್ನು ಕಪ್ಪುಹಲಗೆಯ ಮೇಲೆ ಕಲಿಸಬಾರದೆಂಬುದು ಅವಳ ಹಟ. "ಹಲಗೇಲಿ ಬರೆದದ್ದು ಕಣ್ಣಿಗೆ ಬರುತ್ತೆ, ಕಾಲಿಗೆ ಬರಲ್ಲ" ಎನ್ನುವಳು. ಗಣಿತ ಕಾಲಿಗೇಕೆ ಬರಬೇಕು? ಕೇಳಿದವರನ್ನು ಅಲ್ಲಿಯೇ ಮೈನಸ್ ಮಾಡುವಳು.

ವಿಧಾನ ಸುಲಭ. ಕಿಟಕಿಯ ಕಡೆ ಮುಖ ಮಾಡಿ ನಿಂತ ಮಕ್ಕಳು ಪ್ಲಸ್, ಗೋಡೆಯ ಕಡೆ ಮುಖ ಮಾಡಿದವರು ಮೈನಸ್. ಒಬ್ಬ ಪ್ಲಸ್, ಒಬ್ಬ ಮೈನಸ್ ಕೈ ಹಿಡಿದುಕೊಂಡು ಕೂತುಬಿಡಬೇಕು. ಜೊತೆ ಸಿಗದೆ ನಿಂತೇ ಉಳಿದವರು ಉತ್ತರ.

ಇದನ್ನು ಶಾಲೆಗಷ್ಟೇ ಬಿಟ್ಟಿದ್ದರೆ ಯಾರ ತಕರಾರೂ ಇರಲಿಲ್ಲ. ನನ್ನ ತಂಗಿಯ ಮದುವೆಯ ದಿನ, ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ, ನೆಂಟರ ಹುಡುಗಿಯೊಬ್ಬಳು ಐದಕ್ಕೆ ಮೈನಸ್ ಒಂಬತ್ತು ಕೂಡಿಸಿದರೆ ಹದಿನಾಲ್ಕು ಎಂದುಬಿಟ್ಟಳು. ಅತ್ತೆ ಬಿಡುವಳೇ? ನಮ್ಮ ಕಡೆಯ ಐವರು ಹಿರಿಯರನ್ನು ಪ್ಲಸ್ ಎಂದು ನಿಲ್ಲಿಸಿದಳು. ಗಂಡಿನ ಕಡೆಯ ಒಂಬತ್ತು ಮಂದಿ ಮೈನಸ್.

"ಗಂಡಿನ ಕಡೆಯವರು ನಾವು, ನಾವು ಋಣವೇನಮ್ಮ?" ಎಂದು ವರನ ದೊಡ್ಡಪ್ಪ ಗುಡುಗಿದರು.

"ಋಣ ಅಂದ್ರೆ ಕೀಳಲ್ಲ ರಾಯರೇ, ಎದುರು ದಿಕ್ಕು ಅಷ್ಟೇ. ಸ್ವಲ್ಪ ಆ ಕಡೆ ಮುಖ ಮಾಡಿ."

ಮಾಡಿದರು! ನನ್ನ ಅಜ್ಜಿ ವರನ ತಾತನ ಕೈ ಹಿಡಿದು ಕೂತರು. ಸೋದರಮಾವ ವರನ ಚಿಕ್ಕಮ್ಮನ ಕೈ ಹಿಡಿದು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೂತ. ಆ ದಿನ ಮುಹೂರ್ತಕ್ಕೆ ಮೊದಲೇ ನಮ್ಮ ಮಂಟಪದಲ್ಲಿ ಐದು ಪಾಣಿಗ್ರಹಣಗಳು ನಡೆದುಹೋದವು!

ಕೊನೆಕೊನೆಗೆ ಶಾಲೆಯಲ್ಲಿ ಮಕ್ಕಳು ಕಡಮೆಯಾಗುತ್ತ ಬಂದರು. ಕನ್ನಡ ಮಾಧ್ಯಮಕ್ಕೆ ಈಗ ಯಾರು ಕಳಿಸುತ್ತಾರೆ? ತರಗತಿಯಲ್ಲಿ ಆರೇ ಮಕ್ಕಳಿದ್ದ ವರ್ಷ ಅತ್ತೆ ಗೇಟಿನ ವಾಚ್‌ಮನ್ನನನ್ನೂ ಎಳೆದುತಂದಳು. ಅವನು ನಾಲ್ಕು ದಿನ ಗೋಡೆ ನೋಡುತ್ತ ನಿಂತು, ಐದನೆಯ ದಿನ ಕೈ ಮುಗಿದ. "ಮೇಡಮ್, ಕಲ್ ಭೀ ಮೈನಸ್, ಆಜ್ ಭೀ ಮೈನಸ್? ಏಕ್ ದಿನ್ ತೋ ಪ್ಲಸ್ ಬನಾಯಿಯೇ!" ಹಾಗೆ ಬೇಡಿಕೊಂಡು ಒಂದು ದಿನದ ಮಟ್ಟಿಗೆ ಪ್ಲಸ್ ಆದಾಗ ಅವನು ಗೇಟಿನಲ್ಲಿ ಯಾರನ್ನೂ ತಡೆಯಲಿಲ್ಲವಂತೆ.

ನಿವೃತ್ತಿಯಾದ ಮೇಲೆ ಉಳಿದದ್ದು ಒಬ್ಬಳೇ ಶಿಷ್ಯೆ, ಕೆಳಗಿನ ಮಹಡಿಯ ಹುಡುಗಿ. ತಂದೆ ಉಡುಪಿಯವರು, ಹೋಟೆಲೊಂದರಲ್ಲಿ ಅಡುಗೆಯವರು. ಹುಡುಗಿ ಇಂಗ್ಲಿಷ್ ಶಾಲೆಗೆ ಹೋಗುವವಳು, ಕನ್ನಡ ತಡವರಿಸುತ್ತದೆ. ಒಬ್ಬ ಶಿಷ್ಯೆಯನ್ನಿಟ್ಟುಕೊಂಡು ಎಷ್ಟು ಲೆಕ್ಕ ಮಾಡಲಾದೀತು? ಹಾಗಾಗಿ ಭಾನುವಾರ ಬೆಳಿಗ್ಗೆ ನನಗೆ ಫೋನು. "ಒಂದು ಮೈನಸ್ ಕಡಮೆ ಬಿದ್ದಿದೆ ಕಣೋ, ಬಾ."

ಹೋಗುತ್ತಿದ್ದೆ. ದಾದರಿನಲ್ಲಿ ಇಳಿದು, ಬಸ್ಸು ಹಿಡಿದು, ಗೋಡೆ ನೋಡುವುದಕ್ಕೆ! ಒಮ್ಮೆ ನಾನೂ ಅತ್ತೆಯೂ ಮೈನಸ್, ಹುಡುಗಿ ಪ್ಲಸ್. ಅವಳು ಓಡಿಬಂದು ಅತ್ತೆಯ ಕೈ ಹಿಡಿದು ಕೂತಳು.

"ಈಗ ಹೇಳು, ಉತ್ತರ ಏನು?" ಎಂದಳು ಅತ್ತೆ.

"ಅಂಕಲ್!"

"ಅಂಕಲ್ ಅಂದ್ರೆ ಎಷ್ಟು?"

"ಮೈನಸ್ ಒಂದು, ಟೀಚರ್. ಆದ್ರೆ ಪಾಪ, ಅವರಿಗೆ ಕೂತ್ಕೊಳ್ಳಿಕ್ಕೆ ಇಲ್ವಾ?"

ಅತ್ತೆ ನಕ್ಕು ನಕ್ಕು ಕೆಮ್ಮಿದಳು.

ಆಮೇಲೆ ನನಗೇ ಸಾಕಾಯಿತು. ಒಂದು ಭಾನುವಾರ ಮೆಗಾಬ್ಲಾಕ್, ಹಳಿ ರಿಪೇರಿ, ರೈಲಿಲ್ಲ ಎಂದೆ. ಇನ್ನೊಂದು ಭಾನುವಾರ ಮೊಣಕಾಲು ನೋವು. ಮತ್ತೊಂದಕ್ಕೆ ಬಿಲ್ಡಿಂಗಿನ ಸೊಸೈಟಿ ಮೀಟಿಂಗ್. ಅತ್ತೆ ಪ್ರತಿ ವಾರವೂ ಫೋನು ಮಾಡಿದಳು. "ಆಗಲಿ ಬಿಡು, ಮುಂದಿನ ವಾರ ನೋಡೋಣ" ಎಂದು ಇಡುವಳು. ಮೂರು ತಿಂಗಳು ಹೀಗೇ ಕಳೆದವು.

ಕಡೆಗೆ ಮೊನ್ನೆ, ಹೆಂಡತಿ ಬೈದಳೆಂದು ಹೋದೆ. ಬಾಗಿಲು ತೆರೆದೇ ಇತ್ತು. ಅತ್ತೆ ನೆಲದ ಮೇಲೆ ಪೇಪರು ಹಾಸಿಕೊಂಡು, ಮಾಟುಂಗಾ ಮಾರ್ಕೆಟ್ಟಿನಿಂದ ತಂದ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಅಭ್ಯಾಸದಂತೆ ಗೋಡೆಯ ಕಡೆ ಮುಖ ಮಾಡಿ ನಿಂತೆ.

"ಎಲ್ಲಿ ನಿನ್ನ ಶಿಷ್ಯೆ? ಕರಿ ಬೇಗ."

"ಅವಳೆಲ್ಲಿದ್ದಾಳೆ? ಅವರಪ್ಪನಿಗೆ ಪವಾಯಿಯಲ್ಲಿ ಕೆಲಸ ಸಿಕ್ತು. ಮನೆ ಖಾಲಿ ಮಾಡ್ಕೊಂಡು ಹೋಗಿ ಎರಡು ತಿಂಗಳಾಯ್ತು."

ನಾನು ತಿರುಗಿದೆ. "ಮತ್ತೆ ವಾರಾವಾರ ಮೈನಸ್ ಬೇಕು ಅಂತ ನನ್ನ ಯಾಕೆ ಕರೀತಿದ್ದೆ?"

ಅತ್ತೆ ತಲೆಯೆತ್ತಲಿಲ್ಲ. ಒಂದು ಕಾಯಿ ಬಿಡಿಸಿ, ಕಾಳನ್ನು ಪಾತ್ರೆಗೆ ಹಾಕಿದಳು.

"ಸುಮ್ನೆ ಬಾ ಅಂತ ಕರೆದಿದ್ರೆ ಬರ್ತಿದ್ಯೇನೋ?"

ಮೂರು ತಿಂಗಳು ನೆವದ ಮೇಲೆ ನೆವ ಹೇಳಿದವನು ಅವಳ ಎದುರಿಗೆ ನೆಲದ ಮೇಲೆ ಕೂತೆ. ರಾಶಿಯಲ್ಲಿ ಅರ್ಧವನ್ನು ನನ್ನ ಕಡೆಗೆ ಎಳೆದುಕೊಂಡೆ.

"ಹುಳ ಇರುತ್ತೆ, ನೋಡ್ಕೊಂಡು ಸುಲಿ" ಎಂದಳು.

ನಾನು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿಕೊಂಡೆ.